ನ್ಯಾಸಾಪಹಾರ ಮತ್ತು ಒಂದು ಸವೆದ ಸರಪಳಿ

ಗೃಹಸ್ಥನು ಪಾಲಿಸತಕ್ಕ ಅಣುವ್ರತಗಳಲ್ಲಿ ಒಂದೊಂದಕ್ಕೂ ಐದೈದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವುದು ಸ್ವಾಧ್ಯಾಯದ ಅಭ್ಯಾಸವುಳ್ಳ ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದು ಒಂದು. ಹೆಸರನ್ನು ಕೇಳಿದೊಡನೆ, ನಂಬಿ ಒಪ್ಪಿಸಿದ ಒಡವೆಯನ್ನು ನುಂಗಿಹಾಕುವ ಕಳ್ಳತನವಿದು ಎಂದು ತೋರುತ್ತದೆ. ಹಾಗಿದ್ದಲ್ಲಿ ಅದು ಅಚೌರ್ಯದ ಪಟ್ಟಿಗೆ ಸೇರಬೇಕಿತ್ತು. ಸತ್ಯದ ಪಟ್ಟಿಯಲ್ಲಿ ಏಕೆ ಬಂದಿತೆಂದು ನಾನು ಬಹುಕಾಲ ಸಂಶಯಪಟ್ಟಿದ್ದೆನು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸಿರುವ ಬಗೆ ಹೀಗಿದೆ: ಒಬ್ಬನು ಹೊನ್ನು ಮೊದಲಾದುದನ್ನು ಮತ್ತೊಬ್ಬನಲ್ಲಿ ಇಟ್ಟುಹೋಗಿರುತ್ತಾನೆ. ಕಾಲಾಂತರದಲ್ಲಿ ಎಷ್ಟಿಟ್ಟಿದ್ದೆನೆಂಬ ಎಣಿಕೆಯನ್ನು ಮರೆತು, ಇಟ್ಟುದಕ್ಕಿಂತ ಕಡಮೆಯನ್ನು ಕೇಳುತ್ತಾನೆ. ಇಟ್ಟುಕೊಂಡವನು ಅದಕ್ಕೆ ಹೂಂಗುಟ್ಟಿ, ಕೇಳಿದಷ್ಟನ್ನೇ ಕೊಡುತ್ತಾನೆ. ಇಲ್ಲಿ ಕೈ ಮಾಡಿ ಕಸಿದದ್ದಿಲ್ಲ. ತಾನಾಗಿ ಕಟ್ಟಿದ ಸುಳ್ಳೂ ಇಲ್ಲ. ಎದುರಿನವನ ಮರೆವಿಗೆ ‘ಹೌದು’ ಎಂದುದಷ್ಟೇ ದೋಷ.

ಈ ಅತಿಚಾರದ ಸೂಕ್ಷ್ಮವು ನನಗೆ ಗ್ರಂಥದ ಪುಟದಲ್ಲಿ ಹೊಳೆದದ್ದಕ್ಕಿಂತ ಹೆಚ್ಚಾಗಿ ಒಂದು ಹಳೆಯ ಪಿಕಪ್ ಗಾಡಿಯ ಎಂಜಿನಿನಲ್ಲಿ ಹೊಳೆಯಿತೆಂದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಜೀವಮಾನವೆಲ್ಲ ಮೋಟಾರು ಬಿಡಿಭಾಗಗಳ ಅಂಗಡಿಯಲ್ಲಿ ಕುಳಿತವನಿಗೆ ದೃಷ್ಟಾಂತಗಳು ಅಲ್ಲಿಂದಲೇ ಒದಗುವುದು ಸಹಜ. 1979ರಲ್ಲಿ ಬಿ.ಕಾಂ. ಮುಗಿಸಿ ಹುಬ್ಬಳ್ಳಿಯಲ್ಲಿ ತೀರ್ಥರೂಪರ ಅಂಗಡಿಗೆ ಕುಳಿತೆ. ಮೂವತ್ತೈದು ವರ್ಷ ಅಲ್ಲಿಯೇ ಕಳೆಯಿತು. ಪಿಸ್ಟನ್ ರಿಂಗು, ಕ್ಲಚ್ ಪ್ಲೇಟು, ಗ್ಯಾಸ್ಕೆಟ್ಟು, ಟೈಮಿಂಗ್ ಚೈನು ಇವೇ ನನ್ನ ಬದುಕಿನ ಅಕ್ಷರಮಾಲೆ.

ಟೈಮಿಂಗ್ ಚೈನೆಂದರೇನೆಂದು ತಿಳಿಯದ ತಾಯಂದಿರೂ ಈ ಪತ್ರಿಕೆಯನ್ನು ಓದುತ್ತಿರುವುದರಿಂದ ಎರಡು ಮಾತು ಹೇಳಿ ಮುಂದುವರಿಯುತ್ತೇನೆ. ಎಂಜಿನಿನ ಕೆಳಭಾಗದಲ್ಲಿ ಪಿಸ್ಟನ್ನುಗಳಿಂದ ತಿರುಗುವ ಕ್ರಾಂಕ್ ಶಾಫ್ಟ್ ಎಂಬ ದಂಡವೊಂದಿದೆ. ಗಾಳಿಯನ್ನು ಒಳಕ್ಕೆ ಬಿಡುವ, ಹೊಗೆಯನ್ನು ಹೊರಕ್ಕೆ ಬಿಡುವ ವಾಲ್ವುಗಳನ್ನು ತೆರೆದು ಮುಚ್ಚಿಸುವುದು ಕ್ಯಾಮ್ ಶಾಫ್ಟ್ ಎಂಬ ಇನ್ನೊಂದು ದಂಡ. ಕ್ರಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಹೆಚ್ಚೂ ಆಗದು, ಕಡಮೆಯೂ ಆಗದು. ಈ ಎರಡರ ನಡುವಿನ ಒಪ್ಪಂದವನ್ನು ಕಾಯುವ ಸರಪಳಿಯೇ ಟೈಮಿಂಗ್ ಚೈನು. ಸೈಕಲ್ಲಿನ ಸರಪಳಿಯ ಹಾಗೆಯೇ ಹಲ್ಲುಚಕ್ರಗಳ ಮೇಲೆ ಓಡುತ್ತದೆ, ಎಣ್ಣೆಯ ಮಳೆಯಲ್ಲಿ. ಹಳತಾದಂತೆ ಚೈನು ‘ಜಗ್ಗಿದೆ’ ಎಂದು ಮೇಸ್ತ್ರಿಗಳು ಹೇಳುವರಾದರೂ ನಿಜವಾಗಿ ಉಕ್ಕು ಜಗ್ಗುವುದಿಲ್ಲ. ಒಂದೊಂದು ಕೊಂಡಿಯ ಪಿನ್ನೂ ಅದು ಕೂರುವ ರಂಧ್ರವೂ ಕೂದಲೆಳೆಯಷ್ಟು ಸವೆಯುತ್ತವೆ. ಎಲ್ಲ ಕೊಂಡಿಗಳ ಸವೆತವೂ ಕೂಡಿ ಸರಪಳಿ ಉದ್ದವಾಗುತ್ತದೆ. ಉದ್ದವಾದ ಸರಪಳಿಯು ಹಲ್ಲುಗಳ ಬುಡದಲ್ಲಿ ಕೂರದೆ ಮೇಲೇರಿ ಕುಳಿತು ಹಲ್ಲುಗಳನ್ನೂ ಕೊಕ್ಕೆಯಂತೆ ಸವೆಸುತ್ತದೆ. ಆದುದರಿಂದ ಚೈನು ಬದಲಿಸುವಾಗ ಹಲ್ಲುಚಕ್ರಗಳನ್ನೂ ಬದಲಿಸತಕ್ಕದ್ದು. ಕೊಕ್ಕೆಯಾದ ಹಳೆಯ ಹಲ್ಲಿನ ಮೇಲೆ ಹೊಸ ಸರಪಳಿ ಹಾಕಿದರೆ ಅದು ಹಳೆಯದರ ಗತಿಯನ್ನೇ ಬೇಗ ಕಾಣುತ್ತದೆ. ಇದು ಬಿಡಿಭಾಗ ಮಾರುವವರೆಲ್ಲರೂ ಬಲ್ಲ ಸಂಗತಿ.

ನಾನೂ ಬಲ್ಲವನಾಗಿದ್ದೆ. 1986ರ ಮೇ ತಿಂಗಳು, ಲಗ್ನಸರಾಯಿ. ಅಂಬಾಸಡರ್ ಟ್ಯಾಕ್ಸಿಯ ಮಾಲಿಕರೊಬ್ಬರು ಅಂಗಡಿಗೆ ಬಂದು ‘ಚೈನೊಂದು ಕೊಡಿ’ ಎಂದರು. ಹಳೆಯ ಚೈನನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಕೈಯಲ್ಲಿ ಅಡ್ಡಲಾಗಿ ಹಿಡಿದರೆ ಬಿಲ್ಲಿನಂತೆ ಬಾಗುತ್ತಿತ್ತು. ಅಂಥ ಸರಪಳಿ ಓಡಿದ ಚಕ್ರಗಳ ಹಲ್ಲು ಹೇಗಿರಬಹುದೆಂದು ಕಾಣದೆಯೇ ಹೇಳಬಹುದಾಗಿತ್ತು. ಆದರೆ ಆ ವಾರ ಚಕ್ರಗಳ ದಾಸ್ತಾನು ನನ್ನಲ್ಲಿ ಮುಗಿದಿತ್ತು. ‘ಚಕ್ರಗಳನ್ನೂ ಹಾಕಿಸಿ’ ಎಂದರೆ ಅವರು ಎರಡನ್ನೂ ಒಂದೇ ಕಡೆ ಕೊಳ್ಳಲು ಎದುರಿನ ಅಂಗಡಿಗೆ ಹೋಗುವರು. ಚೈನಿನ ವ್ಯಾಪಾರವೂ ತಪ್ಪುವುದು. ಅವರು, ‘ಚೈನು ಹಾಕಿದರೆ ಸಾಕಲ್ಲವೇ?’ ಎಂದು ಕೇಳಿಯೂ ಕೇಳಿದರು. ನಾನು ರಸೀದಿ ಬರೆಯುತ್ತ ತಲೆಯಾಡಿಸಿದೆ. ಬಾಯಿಂದ ಒಂದಕ್ಷರವೂ ಹೊರಡಲಿಲ್ಲವೆಂಬುದನ್ನು ಬಹುವರ್ಷ ನನ್ನ ಸಮಾಧಾನಕ್ಕೆ ಬಳಸಿಕೊಂಡಿದ್ದೇನೆ.

ಮಳೆಗಾಲದಲ್ಲಿ ಆ ಕಾರು ಅಂಕೋಲೆಯ ಕಡೆಗೆ ಹೋಗುವಾಗ ಅರಬೈಲು ಘಟ್ಟದಲ್ಲಿ ನಿಂತಿತು. ಸರಪಳಿಯು ಹಲ್ಲು ದಾಟಿತ್ತು. ಕಾರಿನಲ್ಲಿ ಒಂದು ಕುಟುಂಬವಿತ್ತು, ಇಬ್ಬರು ಎಳೆಯ ಮಕ್ಕಳಿದ್ದರು. ರಾತ್ರಿಯೆಲ್ಲ ಮಳೆಯಲ್ಲಿ ಅಲ್ಲಿಯೇ ಕಳೆದು ಬೆಳಿಗ್ಗೆ ಲಾರಿಯೊಂದಕ್ಕೆ ಹಗ್ಗ ಕಟ್ಟಿಸಿ ಯಲ್ಲಾಪುರಕ್ಕೆ ಬಂದರಂತೆ. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಇದನ್ನೆಲ್ಲ ಹೇಳಿದವರು ಆ ಮಾಲಿಕರೇ. ಜಗಳಕ್ಕೆ ಬಂದವರಲ್ಲ, ಚೈನು ಮತ್ತು ಚಕ್ರಗಳನ್ನು ಕೊಳ್ಳಲು ಬಂದವರು. ತಮ್ಮ ಗ್ರಹಚಾರವೆಂದೇ ಅವರು ತಿಳಿದಿದ್ದರು. ಮನಸ್ಸು ಚುಚ್ಚಿ, ಬೆಲೆಯಲ್ಲಿ ಕೆಲವು ರೂಪಾಯಿ ಬಿಟ್ಟುಕೊಟ್ಟೆ. ಅದಕ್ಕಾಗಿ ಅವರು ನನಗೆ ಕೈಮುಗಿದರು. ನಾನೂ ಕೈಮುಗಿದೆ. ಮೊದಲ ದಿನದ ತಲೆಯಾಟಕ್ಕಿಂತ ಈ ಎರಡನೆಯ ದಿನದ ಕೈಮುಗಿತವೇ ಹೆಚ್ಚು ಭಾರವಾದುದೆಂದು ಈಗ ಅನ್ನಿಸುತ್ತದೆ.

ಕಾಲೇಜಿನಲ್ಲಿ ನಾವು ವಾಣಿಜ್ಯ ಕಾನೂನನ್ನು ಓದಿದ್ದೆವು. 1872ರ ಕರಾರು ಕಾಯಿದೆಯ ಹದಿನೇಳನೆಯ ಕಲಮಿನ ವಿವರಣೆಯ ಪ್ರಕಾರ, ಮಾತಾಡುವ ಕರ್ತವ್ಯವಿಲ್ಲದ ಕಡೆ ಬರಿಯ ಮೌನವು ವಂಚನೆಯೆನಿಸದು. 1930ರ ಸರಕು ಮಾರಾಟದ ಕಾಯಿದೆಯು ಕೊಳ್ಳುವವನೇ ಎಚ್ಚರದಿಂದಿರತಕ್ಕದ್ದೆಂಬ ನ್ಯಾಯವನ್ನು ಸಾಮಾನ್ಯವಾಗಿ ಒಪ್ಪುತ್ತದೆ. ಆದರೆ ಗಿರಾಕಿಯು ತನ್ನ ಉದ್ದೇಶವನ್ನು ತಿಳಿಸಿ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ ಆ ಸರಕು ಆ ಉದ್ದೇಶಕ್ಕೆ ಒದಗುವಂತಿರಬೇಕೆಂದು ಹದಿನಾರನೆಯ ಕಲಮಿನಲ್ಲಿ ಅಪವಾದವನ್ನೂ ಹೇಳುತ್ತದೆ. ನನ್ನ ಪ್ರಕರಣಕ್ಕೆ ಇವನ್ನು ಹೊಂದಿಸಿ ಎಷ್ಟೋ ಸಲ ಮನಸ್ಸಿನಲ್ಲಿಯೇ ವಾದಿಸಿದ್ದೇನೆ. ನಾನು ಕೊಟ್ಟ ಚೈನು ಉತ್ತಮವಾದದ್ದೇ, ನಕಲಿಯಲ್ಲ. ಪ್ರತಿರೂಪಕ ವ್ಯವಹಾರದ ದೋಷ ನನ್ನ ಮೇಲಿಲ್ಲ. ತೂಕದಲ್ಲಿ ಮೋಸವಿಲ್ಲ. ಬೆಲೆ ನ್ಯಾಯವಾದದ್ದು. ಹೀಗೆ ವಾದದಲ್ಲಿ ಪ್ರತಿಸಲವೂ ನಾನೇ ಗೆಲ್ಲುತ್ತಿದ್ದೆನು. ಪ್ರತಿಸಲವೂ ಗೆಲ್ಲುವ ವಕೀಲನ ಮೇಲೆ ನ್ಯಾಯಾಧೀಶನಿಗೆ ಸಂಶಯ ಬರಬೇಕಾದದ್ದು ನ್ಯಾಯ. ಇಲ್ಲಿ ಇಬ್ಬರೂ ಒಬ್ಬನೇ ಆದುದರಿಂದ ಬರಲಿಲ್ಲ.

ಇನ್ನು ಆ ಪಿಕಪ್ಪಿನ ವಿಚಾರ. 2022ರ ಡಿಸೆಂಬರಿನಲ್ಲಿ ನಾನು ಕ್ಯಾಲಿಫೋರ್ನಿಯದಲ್ಲಿರುವ ಮಗನ ಮನೆಗೆ ಹೋಗಿದ್ದೆನು. ಅವನಲ್ಲಿ 1987ರ ಟೊಯೋಟ ಪಿಕಪ್ ಒಂದಿತ್ತು. ಬೇರೆ ದೇಶಗಳಲ್ಲಿ ಹೈಲಕ್ಸ್ ಎಂದು ಖ್ಯಾತವಾದ ಈ ಗಾಡಿಗೆ ಅಮೆರಿಕದಲ್ಲಿ ಆ ಕಾಲದಲ್ಲಿ ಬೇರೆ ಹೆಸರೇ ಇರಲಿಲ್ಲ, ಬರಿಯ ‘ಪಿಕಪ್’. ಎರಡು ಲಕ್ಷ ಮೈಲಿ ದಾಟಿದ್ದರೂ ಮೈಕಟ್ಟು ಗಟ್ಟಿಯಾಗಿತ್ತು. ಅದರ ಎಂಜಿನು 22ಆರ್‌ಇ ಎಂಬ ಹೆಸರಿನ, 2366 ಸಿ.ಸಿ.ಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನು. ಗಟ್ಟಿತನಕ್ಕೆ ಜಗತ್ತಿನಲ್ಲಿ ಹೆಸರಾದುದು. ಆದರೆ ಅದಕ್ಕೂ ಒಂದು ಮರ್ಮಸ್ಥಾನವಿದೆ. ಈ ಮನೆತನದ ಎಂಜಿನುಗಳಲ್ಲಿ ಮೊದಲು ಎರಡು ಸಾಲಿನ ಚೈನು ಇದ್ದಿತು. 1980ರ ದಶಕದ ಮೊದಲ ಭಾಗದಲ್ಲಿ ಘರ್ಷಣೆಯನ್ನು ತಗ್ಗಿಸಲೆಂದು ಒಂದೇ ಸಾಲಿನ ಚೈನು ಮಾಡಿ, ಅದು ಅತ್ತಿತ್ತ ಬಡಿಯದಂತೆ ಎರಡೂ ಪಕ್ಕಕ್ಕೆ ಪ್ಲಾಸ್ಟಿಕ್ಕಿನ ಗೈಡುಗಳನ್ನಿಟ್ಟರು. ಒಂದು ಪಕ್ಕದಲ್ಲಿ ಎಣ್ಣೆಯ ಒತ್ತಡದಿಂದ ಮುಂದೊತ್ತುವ ಟೆನ್ಷನರು ಸಡಿಲವನ್ನು ಎಳೆದು ಹಿಡಿಯುತ್ತದೆ. ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ನೆಂದ ಪ್ಲಾಸ್ಟಿಕ್ಕು ಹಪ್ಪಳದಂತಾಗಿ ಒಂದು ದಿನ ಮುರಿಯುತ್ತದೆ. ಆಮೇಲೆ ಸರಪಳಿಯು ಅಲ್ಯೂಮಿನಿಯಮ್ಮಿನ ಮುಂಗವಚವನ್ನೇ ಗರಗಸದಂತೆ ಕೊರೆಯತೊಡಗುತ್ತದೆ. ಆ ಕವಚದ ಹಿಂದೆ ರೇಡಿಯೇಟರಿನ ನೀರು ಹರಿಯುವ ದಾರಿಯಿದೆ. ಕೊರೆದು ತೂತಾದ ದಿನ ನೀರು ಎಣ್ಣೆಗೆ ಸೇರಿ, ಎಣ್ಣೆಯು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿ, ಬೇರಿಂಗುಗಳೆಲ್ಲ ಹಾಳಾಗುತ್ತವೆ.

ಮಗನು ಆ ಗಾಡಿಯನ್ನು ಮಾರಲು ನಿಶ್ಚಯಿಸಿದ್ದನು. ತೋಟದ ಕೆಲಸ ಮಾಡುವ ತರುಣನೊಬ್ಬನು ಹನ್ನೆರಡು ದಿನಗಳ ಬಳಿಕ ಬಂದು ನೋಡುವುದೆಂದು ಮಾತಾಗಿತ್ತು. ನಾನು ಬೆಳಿಗ್ಗೆ ಸಾಮಾಯಿಕ ಮುಗಿಸಿ ಅಡಿಗೆಮನೆಯಲ್ಲಿ ಕುಳಿತಿದ್ದಾಗ ಅವನು ಗಾಡಿಯನ್ನು ಹೊರಡಿಸಿದ ಶಬ್ದ ಕೇಳಿತು. ಮೊದಲ ಮೂರು ನಾಲ್ಕು ಕ್ಷಣ, ತಗಡಿನ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದ ಹಾಗೆ ಕಟಕಟ. ಎಣ್ಣೆ ಟೆನ್ಷನರಿಗೆ ಏರಿದೊಡನೆ ನಿಶ್ಶಬ್ದ. ಹತ್ತು ಸಾವಿರ ಮೈಲಿಯಾಚೆಯ ದೇಶದಲ್ಲಿ ಆ ಶಬ್ದವು ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಶಬ್ದದಷ್ಟೇ ಪರಿಚಿತವೆನಿಸಿತು.

ಮಗನಿಗೂ ಅದರ ಅರ್ಥ ಗೊತ್ತಿತ್ತು. ಅವನ ಸ್ನೇಹಿತನೊಬ್ಬನು ಸಲಹೆಯನ್ನೂ ಕೊಟ್ಟಿದ್ದನು: ಗಿರಾಕಿ ಬರುವುದಕ್ಕೆ ಅರ್ಧ ಗಂಟೆ ಮೊದಲು ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದರೆ ಸಾಕು, ಬಿಸಿ ಎಂಜಿನು ಸದ್ದು ಮಾಡದು. ಎಷ್ಟು ಸರಳವಾದ ಉಪಾಯ! ಇದರಲ್ಲಿ ಸುಳ್ಳಿನ ಒಂದು ಪದವೂ ಇಲ್ಲ. ಕ್ಯಾಲಿಫೋರ್ನಿಯದಲ್ಲಿ ಖಾಸಗಿ ಮಾರಾಟವು ಸಾಮಾನ್ಯವಾಗಿ ‘ಇದ್ದುದು ಇದ್ದಂತೆ’ ಎಂಬ ಕರಾರಿನ ಮೇಲೆಯೇ ನಡೆಯುತ್ತದೆ. ಹೊಗೆಯ ಪರೀಕ್ಷೆಯ ಪತ್ರವನ್ನು ಮಾರುವವನು ಒದಗಿಸಬೇಕೆಂದು ಅಲ್ಲಿಯ ಕಾನೂನು ವಿಧಿಸುತ್ತದೆ. ಸರಪಳಿಯ ಸದ್ದಿಗೆ ಅಂಥ ಪತ್ರವಿಲ್ಲ. ಹೊಗೆಯು ಊರಿಗೆಲ್ಲ ತಗಲುವುದು, ಸದ್ದು ಕೊಂಡವನೊಬ್ಬನಿಗೇ ತಗಲುವುದು. ಕಾನೂನಿನ ಲೆಕ್ಕ ಅದಿರಬೇಕು.

‘ಕೊಳ್ಳುವವನು ಕೇಳಿದರೆ ಹೇಳುತ್ತೇನೆ ಅಪ್ಪಾ, ಕೇಳದಿದ್ದರೆ ನಾನೇಕೆ ಹೇಳಲಿ?’ ಎಂದು ಮಗ ಕೇಳಿದನು. ಅವನು ದುಷ್ಟನಲ್ಲ. ಪ್ರಾಮಾಣಿಕವಾಗಿಯೇ ಕೇಳಿದನು. ನನ್ನ ಬಾಯಲ್ಲಿ ತತ್‌ಕ್ಷಣ ಉತ್ತರ ಬರಲಿಲ್ಲ, ಏಕೆಂದರೆ ನನ್ನ ಇಡೀ ಅಂಗಡಿ ನಡೆದದ್ದು ಅದೇ ಸೂತ್ರದ ಮೇಲೆ. ಕೊನೆಗೆ ಅರಬೈಲು ಘಟ್ಟದ ಕಥೆಯನ್ನು ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವನು ಸುಮ್ಮನೆ ಕೇಳಿ, ‘ಹಾಗಾದರೆ ಬಿಚ್ಚೋಣ’ ಎಂದನು.

ಬಿಚ್ಚಲು ಮೂರು ದಿನ ಹಿಡಿಯಿತು. 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯದಲ್ಲಿ ಬಿದ್ದ ಮಳೆಯನ್ನು ಪತ್ರಿಕೆಗಳಲ್ಲಿ ಓದಿದವರಿಗೆ ನೆನಪಿರಬಹುದು. ಗ್ಯಾರೇಜಿನ ಬಾಗಿಲಿಗೆ ಪರದೆ ಕಟ್ಟಿ ಕೆಲಸ ಮಾಡಿದೆವು. ಬ್ಯಾಟರಿಯ ತಂತಿ ಕಳಚಿ, ಮೊದಲು ರೇಡಿಯೇಟರಿನ ಹಸಿರು ದ್ರವವನ್ನು ಇಳಿಸಿದೆವು. ಇದರ ಬಗ್ಗೆ ಒಂದು ಮಾತು: ಆ ದ್ರವದಲ್ಲಿರುವ ಗ್ಲೈಕಾಲ್ ರುಚಿಯಲ್ಲಿ ಸಿಹಿಯಾದುದು, ಬೆಕ್ಕು ನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಅವುಗಳ ಪ್ರಾಣಕ್ಕೆ ಸಾಕು. ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಅದನ್ನು ಚರಂಡಿಗೆ ಬಿಡುವುದನ್ನು ನಾನು ಎಷ್ಟೋ ಸಲ ಕಂಡು ಸುಮ್ಮನಿದ್ದೇನೆ. ನೀರು ಸೋಸಿ ಕುಡಿಯುವ ನಾವು ಇಂಥದರತ್ತಲೂ ಕಣ್ಣು ಹಾಯಿಸಬೇಕು. ಮಗನು ಅದನ್ನು ಮುಚ್ಚಳವುಳ್ಳ ಡಬ್ಬಿಗೆ ಸುರಿದು, ನೆಲಕ್ಕೆ ಚೆಲ್ಲಿದ ಹನಿಗಳನ್ನು ಒರೆಸಿ, ಆಮೇಲೆ ಸಂಗ್ರಹ ಕೇಂದ್ರಕ್ಕೆ ಕೊಟ್ಟುಬಂದನು.

ಬಳಿಕ ಎಣ್ಣೆ, ರೇಡಿಯೇಟರು, ಫ್ಯಾನು, ಬೆಲ್ಟುಗಳು. ಕ್ರಾಂಕಿನ ತುದಿಯ ಪುಲ್ಲಿಯ ಬೋಲ್ಟು ಒಂದೇ ಅರ್ಧ ದಿನವನ್ನು ತಿಂದಿತು. ಪುಲ್ಲಿಯ ಹಿಂದಿರುವ ಆಯಿಲ್ ಪಂಪು, ಮೇಲೆ ವಾಟರ್ ಪಂಪು, ಡಿಸ್ಟ್ರಿಬ್ಯೂಟರು ಇವನ್ನೆಲ್ಲ ಕಳಚಿದ ಮೇಲೆ ಮುಂಗವಚದ ಬೋಲ್ಟುಗಳು. ಅವು ಒಂದೊಂದೂ ಒಂದೊಂದು ಉದ್ದ. ಯಾವ ರಂಧ್ರದ್ದು ಯಾವುದೆಂದು ರಟ್ಟಿನ ಮೇಲೆ ಚಿತ್ರ ಬರೆದು ಚುಚ್ಚಿಟ್ಟೆವು. ಎಲ್ಲವನ್ನೂ ತೆಗೆದ ಮೇಲೂ ಕವಚ ಅಲುಗಲಿಲ್ಲ. ಮಗ ಸನ್ನೆಕೋಲು ಎತ್ತಿಕೊಂಡನು. ನಾನು ತಡೆದೆ. ಈ ಎಂಜಿನಿನಲ್ಲಿ ಮೇಲಿನ ಸಿಲಿಂಡರ್ ಹೆಡ್ಡಿನ ಮುಂತುದಿಯಲ್ಲಿ, ಕ್ಯಾಮ್ ಚಕ್ರದ ಮುಂದೆ, ಎಣ್ಣೆ ನಿಂತ ಚಿಕ್ಕದೊಂದು ಗುಂಡಿಯಿರುತ್ತದೆ. ಆ ಎಣ್ಣೆಯ ಅಡಿಯಲ್ಲಿ ಕವಚಕ್ಕೆ ಇಳಿಯುವ ಬೋಲ್ಟೊಂದು ಅಡಗಿದೆ. ಎಣ್ಣೆಯನ್ನು ಬಟ್ಟೆಯಿಂದ ಹೀರದೆ ಅದು ಕಾಣುವುದೇ ಇಲ್ಲ. ಇದನ್ನರಿಯದೆ ಬಲ ಪ್ರಯೋಗಿಸಿ ಕವಚವನ್ನೇ ಒಡೆದವರು ಬಹಳ ಮಂದಿ. ಮುದುಕನ ಬುದ್ಧಿ ಒಂದಾದರೂ ಉಪಯೋಗಕ್ಕೆ ಬಂದಿತೆಂದು ನನಗೆ ತುಸು ಹೆಮ್ಮೆಯಾಯಿತೆಂಬುದನ್ನು ಮುಚ್ಚಿಡಲಾರೆ. ಹೆಡ್ ಗ್ಯಾಸ್ಕೆಟ್ಟಿನ ಮುಂಭಾಗವು ಕವಚದ ನೆತ್ತಿಗೇ ಅಂಟಿರುವುದರಿಂದ ಅದು ಹರಿಯದಂತೆ ತೆಳುವಾದ ಅಲಗನ್ನು ತೂರಿಸಿ ಬಿಡಿಸಿಕೊಳ್ಳಬೇಕಾಯಿತು.

ಕವಚ ಬಂದಿತು. ಚಾಲಕನ ಬದಿಯ ಗೈಡು ಕೆಳಗಿನ ಬೋಲ್ಟಿನ ಬಳಿ ಮುರಿದು, ತಾನು ಇದ್ದಲ್ಲಿಯೇ ಜೋತಾಡುತ್ತಿತ್ತು. ಅದರ ಚೂರುಗಳು ಕೆಳಗಿನ ಎಣ್ಣೆಯ ತಟ್ಟೆಯಲ್ಲಿ ಸಿಕ್ಕವು. ಚಕ್ರಗಳ ಹಲ್ಲು ಕೊಕ್ಕೆಯಾಗತೊಡಗಿತ್ತು. ಕವಚದ ಒಳಮೈಯಲ್ಲಿ ಸರಪಳಿ ಕೊರೆದ ಗೆರೆ, ಹೆಬ್ಬೆರಳಿನ ಉಗುರು ಇಳಿಯುವಷ್ಟು ಆಳ. ತೂತಾಗಿರಲಿಲ್ಲ.

ಇಲ್ಲಿ ಎರಡನೆಯ ಪ್ರಶ್ನೆ ಎದ್ದಿತು. ನಿಜ ಹೇಳಬೇಕೆಂದರೆ ಮೊದಲಿನದಕ್ಕಿಂತ ಕಠಿಣವಾದದ್ದು. ಚೈನು, ಚಕ್ರಗಳು, ಟೆನ್ಷನರು ಎಲ್ಲವೂ ಹೊಸದಾಗಿ ಬಂದಿದ್ದವು. ಗೈಡುಗಳು ಈ ಸಲ ಉಕ್ಕಿನ ಬೆನ್ನುಳ್ಳವು, ಮುರಿಯುವ ಭಯ ಕಡಮೆ. ಇನ್ನು ಸರಪಳಿ ಕವಚಕ್ಕೆ ತಾಗದು. ಹಾಗಾದರೆ ಗೆರೆ ಬಿದ್ದ ಹಳೆಯ ಕವಚವನ್ನೇ ಹಾಕಿದರೇನು? ಉಪಯೋಗಕ್ಕೆ ಬರುವ ಲೋಹವನ್ನು ಎಸೆದು ಮತ್ತೊಂದನ್ನು ಕೊಳ್ಳುವುದು ಪರಿಗ್ರಹವಲ್ಲವೇ, ಅನರ್ಥದಂಡವಲ್ಲವೇ? ಹೊಸ ಕವಚ ಎರಕಗೊಳ್ಳುವಲ್ಲಿ ಅಗ್ನಿಕಾಯಿಕ, ವಾಯುಕಾಯಿಕ ಜೀವಗಳ ವಿರಾಧನೆಯಿಲ್ಲವೇ? ಈ ವಾದವನ್ನು ಮಂಡಿಸಿದವನು ಮಗನಲ್ಲ, ನಾನೇ. ಮಂಡಿಸುತ್ತಿರುವಾಗಲೇ ನನ್ನ ಧ್ವನಿಯಲ್ಲಿ ಹಳೆಯ ವಕೀಲನ ಧಾಟಿ ಕೇಳಿಸಿತು. ವ್ರತಗಳನ್ನು ಒಂದರ ಮೇಲೊಂದು ಎತ್ತಿಕಟ್ಟಿ ನಮಗೆ ಅಗ್ಗವಾದುದನ್ನು ಆರಿಸಿಕೊಳ್ಳುವ ಚಾಳಿ ನಮ್ಮಲ್ಲಿ ಓದಿದವರಿಗೇ ಹೆಚ್ಚು. ಪ್ರಶ್ನೆಯನ್ನು ಬೇರೆ ರೀತಿ ಇಟ್ಟುಕೊಂಡೆ: ಈ ಗಾಡಿ ನಮ್ಮಲ್ಲಿಯೇ ಉಳಿಯುವುದಾಗಿದ್ದರೆ ಹಳೆಯ ಕವಚವನ್ನು ಹಾಕುತ್ತಿದ್ದೆವೇ? ಗೆರೆಯ ಹಿಂದೆ ಎಷ್ಟು ದಪ್ಪ ಉಳಿದಿದೆಯೆಂದು ಅಳೆಯುವ ಸಾಧನ ನಮ್ಮಲ್ಲಿರಲಿಲ್ಲ. ಅಳೆಯಲಾರದುದನ್ನು ‘ಸಾಕು’ ಎನ್ನುವ ಧೈರ್ಯ ನಮ್ಮ ಗಾಡಿಗೆ ಬಾರದಿದ್ದರೆ ಇನ್ನೊಬ್ಬನ ಗಾಡಿಗೂ ಬರಬಾರದು. ಹೊಸ ಕವಚ ತರಿಸಿದೆವು. ಹಳೆಯದು ಲೋಹ ಕರಗಿಸುವವರಿಗೆ ಹೋಯಿತು.

ಜೋಡಿಸುವುದು ಬಿಚ್ಚುವುದಕ್ಕಿಂತ ಶಾಂತವಾದ ಕೆಲಸ. ಹೊಸ ಸರಪಳಿಯಲ್ಲಿ ಹೊಳೆಯುವ ಎರಡು ಕೊಂಡಿಗಳಿವೆ; ಒಂದು ಕ್ರಾಂಕ್ ಚಕ್ರದ ಗುರುತಿಗೆ, ಇನ್ನೊಂದು ಕ್ಯಾಮ್ ಚಕ್ರದ ಗುರುತಿಗೆ ಕೂರಬೇಕು. ಎಲ್ಲ ಸೇರಿಸಿದ ಮೇಲೆ ಎಂಜಿನನ್ನು ಬೀಗದ ಕೈಯಿಂದ ಹೊರಡಿಸುವ ಮೊದಲು ಸ್ಪ್ಯಾನರಿನಿಂದ ಕೈಯಾರೆ ಎರಡು ಪೂರ್ತಿ ಸುತ್ತು ತಿರುಗಿಸಿ, ಚಕ್ರಗಳ ಗುರುತುಗಳು ಮತ್ತೆ ತಮ್ಮ ಸ್ಥಾನಕ್ಕೆ ಬಂದವೇ ಎಂದು ನೋಡಬೇಕು. ನಾವು ನೋಡಿದೆವು, ಒಂದು ಹಲ್ಲು ತಪ್ಪಿದಂತೆ ತೋರಿ, ಮತ್ತೆ ಬಿಚ್ಚಿ ಕೂರಿಸಿದೆವು. ಮರುದಿನ ಬೆಳಿಗ್ಗೆ ತಣ್ಣಗಿದ್ದ ಎಂಜಿನನ್ನು ಮಗ ಹೊರಡಿಸಿದಾಗ ಕಟಕಟ ಇರಲಿಲ್ಲ.

ಭಾನುವಾರ ಆ ತರುಣ ಬಂದನು. ‘ಎಂಜಿನನ್ನು ಯಾವಾಗಲಾದರೂ ಬಿಚ್ಚಿದ್ದೀರಾ?’ ಎಂದು ಅವನು ಕೇಳುವ ಮೊದಲೇ ಮಗ ಎಲ್ಲವನ್ನೂ ಹೇಳಿ, ಮುರಿದ ಗೈಡಿನ ಚೂರುಗಳನ್ನೂ ಹಳೆಯ ಚೈನನ್ನೂ ಕವಚದ ಫೋಟೋವನ್ನೂ ತೋರಿಸಿದನು. ಹಿಂಭಾಗದ ಸೀಲಿನಲ್ಲಿ ಎಣ್ಣೆ ಜಿನುಗುವುದನ್ನೂ ಹೇಳಿದನು. ಸತ್ಯವು ಕೂಡಲೇ ಫಲ ಕೊಡುವುದೆಂದು ಮಕ್ಕಳ ಕಥೆಗಳಲ್ಲಿ ಓದಿರುತ್ತೇವೆ. ಇಲ್ಲಿ ಹಾಗಾಗಲಿಲ್ಲ. ಕೇಳುತ್ತ ಕೇಳುತ್ತ ಅವನ ಮುಖದಲ್ಲಿ ಅನುಮಾನ ಮೂಡಿತು. ಇಷ್ಟು ಕೆಟ್ಟಿದ್ದ ಎಂಜಿನಿನಲ್ಲಿ ಇನ್ನೇನು ಕೆಟ್ಟಿದೆಯೋ ಎಂದು ಅವನು ಬೆಲೆಯಲ್ಲಿ ಮುನ್ನೂರು ಡಾಲರ್ ಇಳಿಸಿ ಕೇಳಿದನು. ಬಿಡಿಭಾಗಗಳ ಖರ್ಚು ಬೇರೆ. ಏನೂ ಹೇಳದೆ ಬಿಸಿ ಎಂಜಿನು ತೋರಿಸಿದ್ದರೆ ಪೂರ್ತಿ ಬೆಲೆ ಬರುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಮಗ ನನ್ನ ಕಡೆ ನೋಡಿದನು. ನಾನು ಹೂಗಿಡಗಳ ಕಡೆ ನೋಡಿದೆ. ಇನ್ನೂರೈವತ್ತಕ್ಕೆ ಇಳಿಸಿ ಮುಗಿಯಿತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಇನ್ನೊಬ್ಬರ ವಿಪತ್ತಿಗೆ ಕಾರಣವಾಗುವ ಸತ್ಯವನ್ನು ಕೂಡ ಶ್ರಾವಕನು ಆಡಬಾರದೆಂದಿದ್ದಾರೆ. ಈ ಮಾತನ್ನು ಮೌನದ ಪರವಾದ ಪ್ರಮಾಣವೆಂಬಂತೆ ನಮ್ಮ ವ್ಯಾಪಾರಿಗಳ ಕೂಟಗಳಲ್ಲಿ ಉದಾಹರಿಸುವುದನ್ನು ಕೇಳಿದ್ದೇನೆ. ಆದರೆ ಅಲ್ಲಿ ಅಳತೆಗೋಲು ವಿಪತ್ತು. ಅದೂ ಕೇಳುವವನ ಕಡೆಯ, ಜೀವಿಗಳ ಕಡೆಯ ವಿಪತ್ತು. ಹೇಳುವವನ ಗಲ್ಲಾಪೆಟ್ಟಿಗೆಗೆ ಬರುವ ಮುನ್ನೂರು ಡಾಲರಿನ ನಷ್ಟವನ್ನು ಆಚಾರ್ಯರು ವಿಪತ್ತೆಂದು ಕರೆದಿಲ್ಲ. ಎಲ್ಲಿ ಹೇಳುವುದರಿಂದ ವಿಪತ್ತೋ ಅಲ್ಲಿ ಮೌನ ತಕ್ಕುದಾದರೆ, ಎಲ್ಲಿ ಹೇಳದಿರುವುದರಿಂದ ವಿಪತ್ತೋ ಅಲ್ಲಿ ಮಾತು ತಕ್ಕುದೆಂದೇ ನಾನು ಅರ್ಥಮಾಡಿಕೊಂಡಿದ್ದೇನೆ. ಪಂಡಿತರು ತಿದ್ದಬಹುದು.

ನ್ಯಾಸಾಪಹಾರವು ಸತ್ಯದ ಪಟ್ಟಿಯಲ್ಲಿ ಏಕಿದೆಯೆಂಬ ಹಳೆಯ ಸಂಶಯಕ್ಕೂ ಆ ಗ್ಯಾರೇಜಿನಲ್ಲಿಯೇ ಉತ್ತರ ದೊರೆಯಿತೆಂದು ಭಾವಿಸುತ್ತೇನೆ. ಮೋಟಾರಿನ ಒಳಗನ್ನು ಬಲ್ಲವನಲ್ಲಿಗೆ ಬಾರದವನು ಬಂದಾಗ ಅವನು ತನ್ನ ಹಣವನ್ನು ಮಾತ್ರ ತರುವುದಿಲ್ಲ. ತನಗೆ ತಿಳಿಯದ ವಿಷಯದ ನಿರ್ಣಯವನ್ನೇ ನಮ್ಮಲ್ಲಿ ನ್ಯಾಸವಾಗಿ ಇಡುತ್ತಾನೆ. ಎಷ್ಟು ಕೇಳಬೇಕೆಂಬುದೇ ಅವನಿಗೆ ತಿಳಿಯದು. ಎಣಿಕೆ ಮರೆತವನ ಹಾಗೆ ಕಡಮೆ ಕೇಳುತ್ತಾನೆ. ‘ಚೈನು ಹಾಕಿದರೆ ಸಾಕಲ್ಲವೇ?’ ಆ ಕ್ಷಣದಲ್ಲಿ ತಲೆಯಾಡಿಸಿದವನು ಹಣವನ್ನು ಕದಿಯುವ ಮೊದಲೇ ಅವನ ತಿಳಿವನ್ನು ಕೆಡಿಸಿದನು. ಔಷಧದ ಅಂಗಡಿ, ಬೀಜದ ಅಂಗಡಿ, ಬಂಗಾರದ ಅಂಗಡಿಗಳಲ್ಲಿ ಕುಳಿತಿರುವ ನಮ್ಮ ಸಮಾಜದ ಬಂಧುಗಳು ತಮ್ಮ ತಮ್ಮ ಗಲ್ಲಾದ ಮುಂದೆ ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಊರಿಗೆ ಮರಳಿದ ಮೇಲೆ, 2023ರ ದಶಲಕ್ಷಣ ಪರ್ವದ ಕ್ಷಮಾವಣಿಯ ದಿನ, ಆ ಟ್ಯಾಕ್ಸಿಯ ಮಾಲಿಕರ ಮನೆಯನ್ನು ವಿಚಾರಿಸಿಕೊಂಡು ಹೋದೆ. ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗನಿದ್ದನು. ಆಗಿನ ಚೈನಿನ ಬೆಲೆ, ಲಾರಿಯವನಿಗೆ ಕೊಟ್ಟಿರಬಹುದಾದದ್ದು, ಒಂದು ವಾರದ ದುಡಿಮೆ, ಇವುಗಳಿಗೆ ಬಡ್ಡಿ ಕಟ್ಟಿ ಒಂದು ಮೊತ್ತವನ್ನು ಲಕೋಟೆಯಲ್ಲಿಟ್ಟು ಒಯ್ದಿದ್ದೆ. ನಡೆದುದನ್ನೆಲ್ಲ ಹೇಳಿದೆ. ಅವನು ನಕ್ಕು, ತಂದೆಯವರು ತಮ್ಮ ಅಂಗಡಿಯನ್ನು ಹೊಗಳುತ್ತಿದ್ದರೆಂದೂ, ಇಷ್ಟು ಹಳೆಯ ಮಾತಿಗೆ ಹಣ ತೆಗೆದುಕೊಳ್ಳುವುದು ಸಲ್ಲದೆಂದೂ ಹೇಳಿ, ಚಹ ಕೊಟ್ಟು ಕಳುಹಿಸಿದನು. ಎಷ್ಟು ಒತ್ತಾಯಿಸಿದರೂ ಲಕೋಟೆಯನ್ನು ಮುಟ್ಟಲಿಲ್ಲ. ಹೊರಗೆ ಬಂದ ಮೇಲೆ, ನಾನು ಹೋದದ್ದು ಅವರ ಋಣ ತೀರಿಸಲೋ, ನನ್ನ ಮನಸ್ಸನ್ನು ಹಗುರ ಮಾಡಿಕೊಳ್ಳಲೋ ಎಂದು ಕೇಳಿಕೊಂಡೆ. ಸತ್ತವರ ಮಗನಿಗೆ ತಂದೆಯ ಒಂದು ಒಳ್ಳೆಯ ನೆನಪನ್ನು ನಾನು ಕೆಡಿಸಿ ಬಂದೆನೇನೋ ಎಂಬ ಶಂಕೆಯೂ ಇದೆ.

ಬಂಧುಗಳು ಆ ಹಣವನ್ನು ಬಸದಿಯ ಹುಂಡಿಗೆ ಹಾಕೆಂದರು. ಹಾಗೆ ಮಾಡಲು ಮನಸ್ಸು ಬರಲಿಲ್ಲ. ದೇವದ್ರವ್ಯವು ಸ್ವೇಚ್ಛೆಯಿಂದ, ಸಂತೋಷದಿಂದ ಕೊಟ್ಟುದಾಗಿರಬೇಕು. ಹೆಸರು ವಿಳಾಸವುಳ್ಳ ಒಬ್ಬ ಮನುಷ್ಯನಿಗೆ ಸಲ್ಲಬೇಕಾದ ಬಾಕಿಯನ್ನು ದೇವರ ಖಾತೆಗೆ ಜಮಾ ಮಾಡಿ ಲೆಕ್ಕ ಚುಕ್ತಾ ಆಯಿತೆಂದರೆ, ಲೆಕ್ಕಪತ್ರ ಓದಿದ ನನಗೆ ಆ ನಮೂದು ಸರಿಯೆನಿಸುವುದಿಲ್ಲ. ನಮ್ಮ ಬಸದಿಗಳ ಹುಂಡಿಗಳಲ್ಲಿ ಇಂಥ ಹಣ ಎಷ್ಟಿದೆಯೋ ತಿಳಿಯದು. ಟ್ರಸ್ಟಿನ ಹಿರಿಯರು ಇದನ್ನು ಎಂದಾದರೂ ವಿಚಾರಿಸಿದ್ದಲ್ಲಿ, ಅಥವಾ ಶ್ರಾವಕಾಚಾರದ ಗ್ರಂಥಗಳಲ್ಲಿ ಋಣ ಪಡೆಯಬೇಕಾದವನು ಗತಿಸಿ, ವಾರಸುದಾರನು ನಿರಾಕರಿಸಿದಾಗ ಏನು ಮಾಡತಕ್ಕದ್ದೆಂಬ ನಿರ್ಣಯವಿದ್ದಲ್ಲಿ, ಬಲ್ಲವರು ಈ ಪತ್ರಿಕೆಯ ಮೂಲಕ ತಿಳಿಸಿದರೆ ಉಪಕೃತನಾಗುವೆನು. ಲಕೋಟೆಯನ್ನು ಅಲ್ಲಿಯವರೆಗೆ ಒಡೆಯದೆ ಇಟ್ಟಿದ್ದೇನೆ.